ಬಂಡೆ ಸಂದಿನ ಹವಾಮಾನ

ಎತ್ತರದ ಪರ್ವತದ ಪ್ರಾಣಿ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಹಿಮಚಿರತೆ, ಇಲ್ಲದಿದ್ದರೆ ಯಾಕ್. ನೆಲ ಮುಟ್ಟುವ ಕೂದಲು, ಕ್ವಿಂಟಾಲ್‌ಗಟ್ಟಲೆ ಮೈ. ಅಂಥ ಯಾಕ್ ಚಳಿ ತಡೆದುಕೊಳ್ಳುತ್ತದೆ ಎಂದರೆ ನನಗೆ ಅಷ್ಟೇನೂ ಆಶ್ಚರ್ಯವಾಗುವುದಿಲ್ಲ. ಆಶ್ಚರ್ಯ ಇರುವುದು ಅದರ ಕಾಲ ಬುಡದಲ್ಲಿ. ಎರಡು ಅಂಗೈಯೊಳಗೆ ಹಿಡಿಸುವ ಒಂದು ಪ್ರಾಣಿ ಅದೇ ಬಯಲಿನಲ್ಲಿ ಅದೇ ಚಳಿಗಾಲ ಕಳೆಯುತ್ತದೆ. ವಲಸೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಮಲಗುವುದೂ ಇಲ್ಲ.

ಮಂಗಳೂರಿನ ಸೆಖೆಯಲ್ಲಿ ಫ್ಯಾನಿನ ಕೆಳಗೆ ಕೂತು ಹಿಮದ ಇಲಿಗಳ ಬಗ್ಗೆ ಓದುವವನಿಗೆ ಮನೆಯಲ್ಲಿ ಎಷ್ಟು ಮರ್ಯಾದೆ ಸಿಗುತ್ತದೆ ಅಂತ ಹೇಳಬೇಕಿಲ್ಲ. “ಅಟ್ಟದಲ್ಲಿ ಇಲಿ ಓಡಾಡ್ತಾ ಉಂಟು, ಮೊದಲು ಅದಕ್ಕೊಂದು ಗತಿ ಕಾಣಿಸು ಮಾರಾಯ” ಅಂತ ಅಮ್ಮ. ಆದರೂ ಓದು ಬಿಟ್ಟಿಲ್ಲ. ಓದುತ್ತ ಹೋದ ಹಾಗೆ, ಈ ಪ್ರಾಣಿಗಳು ಚಳಿಯನ್ನು ಗೆಲ್ಲುತ್ತವೆ ಎನ್ನುವ ಮಾತಿನ ಮೇಲೆಯೇ ನನಗೆ ಅನುಮಾನ ಬರತೊಡಗಿತು. ಅದನ್ನು ಹೇಳುವುದಕ್ಕೇ ಈ ಬರಹ.

ಮೊದಲು ಸಣ್ಣ ಮೈಯ ಕಷ್ಟ ಏನು ಅಂತ ನೋಡೋಣ. ಬಚ್ಚಲಿನ ಹಂಡೆಯಲ್ಲಿ ಕಾಯಿಸಿದ ನೀರು ಬೆಳಗ್ಗೆಯ ತನಕ ಉಗುರುಬೆಚ್ಚಗೆ ಇರುತ್ತದೆ. ಅದನ್ನೇ ಒಂದು ಚೊಂಬಿಗೆ ತೆಗೆದಿಟ್ಟರೆ ಸ್ನಾನಕ್ಕೆ ಹೋಗುವಷ್ಟರಲ್ಲಿ ತಣ್ಣಗೆ. ಇಲಿ ಅಂದರೆ ಚೊಂಬು. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಶಾಖ ಸೋರಿಹೋಗುವ ದಾರಿ ಜಾಸ್ತಿ. ಸೋರಿದ್ದನ್ನು ತುಂಬಿಸಬೇಕಾದರೆ ತಿನ್ನುತ್ತಲೇ ಇರಬೇಕು. ತಂಪು ದೇಶಗಳ ಮೂಗಿಲಿಗಳು ದಿನಕ್ಕೆ ಹೆಚ್ಚುಕಡಿಮೆ ತಮ್ಮ ತೂಕದಷ್ಟೇ ಹುಳಹುಪ್ಪಟೆ ತಿನ್ನುತ್ತವೆ. ಕೆಲವು ಗಂಟೆ ಊಟ ತಪ್ಪಿದರೆ ಸಾಯುತ್ತವೆ. ಸರಿ, ತುಪ್ಪಳವನ್ನಾದರೂ ದಪ್ಪ ಮಾಡಿಕೊಳ್ಳಬಹುದಲ್ವಾ ಅಂದರೆ ಅದಕ್ಕೂ ಮಿತಿ ಇದೆ. ಮೂರಿಂಚಿನ ಪ್ರಾಣಿಗೆ ಎರಡಿಂಚಿನ ತುಪ್ಪಳ ಬಂದರೆ ಅದು ಓಡುವುದು ಹೇಗೆ, ಸಂದಿಗೆ ನುಗ್ಗುವುದು ಹೇಗೆ?

ಈ ಮೂಗಿಲಿಗಳ ಒಂದು ವಿಚಿತ್ರ ಉಪಾಯ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಜಾಗ ಸಿಗಲಿಕ್ಕಿಲ್ಲ. ಪೋಲೆಂಡಿನ ಆಗಸ್ಟ್ ಡೆನೆಲ್ ಎಂಬ ಪ್ರಾಣಿಶಾಸ್ತ್ರಜ್ಞ 1949ರಲ್ಲಿ ಇದನ್ನು ವಿವರಿಸಿದರು. ಚಳಿಗಾಲ ಹತ್ತಿರ ಬಂದಾಗ ಅವುಗಳ ತಲೆಬುರುಡೆ ಚಿಕ್ಕದಾಗುತ್ತದೆ. ಒಳಗಿನ ಮಿದುಳೂ ಕುಗ್ಗುತ್ತದೆ. ವಸಂತ ಬಂದಾಗ ಮತ್ತೆ ಬೆಳೆಯುತ್ತದೆ. ಮಿದುಳು ಸಾಕುವುದು ದುಬಾರಿ ಬಾಬತ್ತು, ಹಾಗಾಗಿ ಕಷ್ಟದ ತಿಂಗಳಲ್ಲಿ ಅದಕ್ಕೂ ಕತ್ತರಿ.

ಇನ್ನು ಎತ್ತರದ ವಿಷಯ. ಚಿಲಿ ಮತ್ತು ಅರ್ಜೆಂಟೀನಾ ಗಡಿಯಲ್ಲಿ ಯುಯಾಯಾಕೊ ಎಂಬ ಜ್ವಾಲಾಮುಖಿ ಇದೆ. ಎತ್ತರ 6739 ಮೀಟರ್, ಬುಡದಲ್ಲಿ ಅಟಕಾಮ ಮರುಭೂಮಿ. 2020ರ ಫೆಬ್ರುವರಿಯಲ್ಲಿ ಜೇ ಸ್ಟೋರ್ಜ್ ಎಂಬ ಜೀವವಿಜ್ಞಾನಿ ಅದರ ನೆತ್ತಿಯ ಮೇಲೆ ಬದುಕಿರುವ ಇಲಿಯೊಂದನ್ನು ಹಿಡಿದರು. ಎಲೆಯಂಥ ಕಿವಿಯ, ಅಂಗೈ ಮೇಲೆ ಕೂರುವ ಇಲಿ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನದರ ಅರ್ಧಕ್ಕಿಂತ ಕಡಿಮೆ, ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಹುಲ್ಲುಕಡ್ಡಿ ಇಲ್ಲ. ಜಗತ್ತಿನಲ್ಲಿ ಇದಕ್ಕಿಂತ ಎತ್ತರದಲ್ಲಿ ಯಾವ ಸಸ್ತನಿಯನ್ನೂ ಯಾರೂ ಹಿಡಿದಿರಲಿಲ್ಲ.

ದಾರಿ ತಪ್ಪಿ ಹತ್ತಿದ ಇಲಿ ಇರಬೇಕು ಅಂತ ಅನ್ನಬಹುದಿತ್ತು. ಆ ಶಿಖರಗಳಲ್ಲಿ ಇಂಕಾ ಜನ ಬಲಿ ಕೊಡುತ್ತಿದ್ದರು, ಹಾಗಾಗಿ ಮೊದಲು ಅಲ್ಲಿ ಸಿಕ್ಕ ಇಲಿಯ ಮೂಳೆಗಳನ್ನು ಅವರ ಸಾಮಾನಿನ ಜೊತೆ ಬಂದದ್ದು ಅಂತಲೇ ತಿಳಿದಿದ್ದರು. ಆದರೆ ಸ್ಟೋರ್ಜ್ ತಂಡ ಅಕ್ಕಪಕ್ಕದ, 6000 ಮೀಟರಿಗೂ ಮೇಲಿನ ಶಿಖರಗಳಲ್ಲಿ ಒಣಗಿ ಮಮ್ಮಿಗಳಾಗಿದ್ದ ಹದಿಮೂರು ಇಲಿಗಳನ್ನು ಹುಡುಕಿ 2023ರಲ್ಲಿ ವರದಿ ಮಾಡಿತು. ಅವು ಇಂಕಾ ಸಾಮ್ರಾಜ್ಯ ಮುಗಿದ ನಂತರದವು. ಗಂಡೂ ಇದ್ದವು, ಹೆಣ್ಣೂ ಇದ್ದವು, ಕೆಲವು ಹತ್ತಿರದ ನೆಂಟರು. ಹಾಗಾದರೆ ಅವು ಪ್ರವಾಸಕ್ಕೆ ಬಂದವಲ್ಲ. ಅಲ್ಲೇ ಸಂಸಾರ ಹೂಡಿದವು.

ಇಂಥ ಸುದ್ದಿ ಬಂದಾಗಲೆಲ್ಲ ಜೊತೆಗೆ ಒಂದು ಅಂಕಿ ಬರುತ್ತದೆ: ಮೈನಸ್ ಇಷ್ಟು ಡಿಗ್ರಿಯಲ್ಲಿ ಬದುಕುವ ಇಲಿ. ನನ್ನ ತಕರಾರು ಇರುವುದು ಆ ಅಂಕಿಯ ಮೇಲೆ. ಹವಾಮಾನ ಕೇಂದ್ರದ ಥರ್ಮಾಮೀಟರ್ ಇರುವುದು ನೆಲದಿಂದ ನಾಲ್ಕಡಿ ಮೇಲೆ, ಬಿಳಿ ಬಣ್ಣದ ಮರದ ಪೆಟ್ಟಿಗೆಯಲ್ಲಿ. ಅದು ಮನುಷ್ಯನ ಎದೆಯ ಎತ್ತರದ ಹವಾಮಾನ. ಇಲಿ ಅಲ್ಲಿ ಇರುವುದೇ ಇಲ್ಲ. ಅದು ಇರುವುದು ಬಂಡೆಯ ಅಡಿಯಲ್ಲಿ, ಹಿಮದ ಅಡಿಯಲ್ಲಿ, ಮಣ್ಣಿನ ಒಳಗೆ. ಅಲ್ಲಿಯ ಹವಾಮಾನವೇ ಬೇರೆ.

ಇದನ್ನು ನೋಡಲು ಹಿಮಾಲಯಕ್ಕೆ ಹೋಗಬೇಕಿಲ್ಲ. ನಮ್ಮ ಹಿತ್ತಿಲಿನಲ್ಲಿ ಗಾರೆ ಹಾಕದ ಹಳೆಯ ಮುರಕಲ್ಲಿನ ಪಾಗಾರ ಒಂದಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ವಯರಿನ ತುದಿಗೆ ಸಣ್ಣ ಕಡ್ಡಿ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಂಡು ಹೋದೆ. ಬಿಸಿಲು ಬೀಳುವ ಕಲ್ಲಿನ ಮೈಗೆ ತಾಗಿಸಿದರೆ 45 ದಾಟಿತು, ಕೈ ಇಡುವ ಹಾಗಿರಲಿಲ್ಲ. ವಯರನ್ನು ಎರಡು ಕಲ್ಲಿನ ಸಂದಿಗೆ ಮೊಣಕೈ ಉದ್ದ ಒಳಗೆ ತಳ್ಳಿದೆ. ಅಂಕಿ ಮೆಲ್ಲ ಇಳಿಯುತ್ತ ಹೋಗಿ 31ರಲ್ಲಿ ನಿಂತಿತು. ನಾನು ವಯರು ಎಳೆಯುವಾಗ ಒಳಗಿನಿಂದ ಒಂದು ಅರಣೆ ತಲೆ ಹೊರಗೆ ಹಾಕಿ, ನನ್ನನ್ನು ನೋಡಿ ಮತ್ತೆ ಒಳಗೆ ಜಾರಿತು. ಒಂದು ಮೊಳದ ಅಂತರದಲ್ಲಿ ಎರಡು ಊರಿನ ಹವಾಮಾನ. ನಾನು ಹೊರಗಿನ ಊರಿನಲ್ಲಿ ಬೆವರುತ್ತಿದ್ದೆ, ಅರಣೆ ಒಳಗಿನ ಊರಿನಲ್ಲಿತ್ತು.

ಪರ್ವತದಲ್ಲಿ ಈ ಅಂತರ ಇನ್ನೂ ಜಾಸ್ತಿ. ಹೊಸ ಹಿಮ ಅಂದರೆ ಹೆಚ್ಚಿನ ಪಾಲು ಗಾಳಿಯೇ. ಹರಳುಗಳ ನಡುವೆ ಸಿಕ್ಕಿಕೊಂಡ, ಅಲುಗಾಡದ ಗಾಳಿ. ಒಂದೆರಡು ಅಡಿ ಹಿಮ ಬಿದ್ದರೆ ಮೇಲೆ ಮೈನಸ್ 20 ಇದ್ದಾಗಲೂ ನೆಲದ ಹತ್ತಿರ ಸೊನ್ನೆಯ ಆಸುಪಾಸು ಇರುತ್ತದೆ. ನೆಲದ ಶಾಖಕ್ಕೆ ತಳದ ಹಿಮ ಸ್ವಲ್ಪ ಸ್ವಲ್ಪವೇ ಆವಿಯಾಗಿ ಅಲ್ಲಿ ಸಡಿಲವಾದ ಪದರ ಒಂದು ಹುಟ್ಟುತ್ತದೆ. ಹುಲ್ಲು ತಿನ್ನುವ ಮೊಂಡು ಮೂತಿಯ ಇಲಿಗಳು ಅದರಲ್ಲಿ ಸುರಂಗ ಮಾಡಿಕೊಂಡು, ಗೂಡು ಕಟ್ಟಿಕೊಂಡು, ಒಂದಕ್ಕೊಂದು ಅಂಟಿ ಕೂತು ಚಳಿಗಾಲ ದೂಡುತ್ತವೆ. ಗಾಳಿಯ ಹೊಡೆತ ಇಲ್ಲ. ತೇವ ಇದೆ. ಸೊನ್ನೆ ಡಿಗ್ರಿ ನಮಗೆ ಭಯಂಕರ ಅನಿಸಬಹುದು, ಆದರೆ ಮೇಲಿನ ಮೈನಸ್ 20ರ ಮುಂದೆ ಅದು ಬೆಚ್ಚಗಿನ ಮನೆ.

ತೇವ ಅಂದೆನಲ್ಲ, ನೀರಿನ ಲೆಕ್ಕ ಇಲ್ಲಿಂದ ಶುರು. ಎತ್ತರದಲ್ಲಿ ಚಳಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಒಣಗುವುದರ ಬಗ್ಗೆ ಕಡಿಮೆ. ನಮ್ಮ ಕರಾವಳಿಯವರಿಗಂತೂ ಅದು ಅರ್ಥವಾಗುವುದೇ ಕಷ್ಟ. ನಮ್ಮ ಸಮಸ್ಯೆ ಬೆವರು ಆರದೇ ಇರುವುದು. ಅಲ್ಲಿಯ ಸಮಸ್ಯೆ ಗೊತ್ತಿಲ್ಲದೆಯೇ ಆರಿಹೋಗುವುದು. ಲೇಹ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ-ಹಿಮ ಬೀಳುತ್ತದೆ. ಜುಲೈಯಲ್ಲಿ ಮಂಗಳೂರಿನಲ್ಲಿ ಅಷ್ಟು ಮಳೆ ಒಂದೇ ದಿನ ಸುರಿದು, ಮರುದಿನ ಕಲೆಕ್ಟರು ಶಾಲೆಗೆ ರಜೆ ಕೊಡುವುದುಂಟು.

ಮೈಯಿಂದ ಹೊರಟ ಉಸಿರು ಬೆಚ್ಚಗೆ, ತೇವದಿಂದ ತುಂಬಿರುತ್ತದೆ. 37 ಡಿಗ್ರಿಯ ತುಂಬು ತೇವದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 44 ಗ್ರಾಂ ನೀರು. ಮಂಗಳೂರಿನ 30 ಡಿಗ್ರಿಯ, ಶೇಕಡ 80 ತೇವದ ಗಾಳಿ ಒಳಗೆ ಹೋಗುವಾಗಲೇ 24 ಗ್ರಾಂ ಹೊತ್ತಿರುತ್ತದೆ. ನಾವು ಸೇರಿಸಿ ಕಳಕೊಳ್ಳುವುದು 20. ಮೈನಸ್ 20ರ ಗಾಳಿಯಲ್ಲಿ ಹಿಡಿಸುವುದೇ ಒಂದು ಗ್ರಾಮಿನಷ್ಟು. ಬಾಕಿ 43 ಗ್ರಾಂ ಮೈಯಿಂದಲೇ ಹೋಗಬೇಕು. ಇನ್ನೊಂದು ತೊಂದರೆ, ಗಾಳಿ ತೆಳು. ಅಷ್ಟೇ ಆಮ್ಲಜನಕಕ್ಕೆ ಜಾಸ್ತಿ ಗಾಳಿ ಎಳೆಯಬೇಕು. ಎಳೆದಷ್ಟೂ ನೀರು ಹೊರಗೆ. ನೀರಿನ ಜೊತೆ ಶಾಖವೂ ಹೊರಗೆ, ಯಾಕೆಂದರೆ ಒಂದು ಗ್ರಾಂ ನೀರು ಆವಿಯಾಗಲು 580 ಕ್ಯಾಲರಿಯಷ್ಟು ಶಾಖ ಬೇಕು. ಹಾಗಾಗಿ ಚಿಕ್ಕ ಪ್ರಾಣಿಗೆ ನೀರಿನ ಸೋರಿಕೆ, ಶಾಖದ ಸೋರಿಕೆ ಎರಡೂ ಒಂದೇ ತೂತಿನಿಂದ.

ಆ ತೂತು ಮುಚ್ಚಲು ಅವುಗಳ ಹತ್ತಿರ ಇರುವುದು ಮೂಗು. ಇಲಿಯ ಮೂಗಿನ ಒಳಗೆ ಕಾಗದದಷ್ಟು ತೆಳುವಾದ ಮೂಳೆಯ ಹಾಳೆಗಳು ಸುರುಳಿ ಸುರುಳಿಯಾಗಿ ಮಡಚಿಕೊಂಡಿರುತ್ತವೆ, ಮೇಲೆ ಒದ್ದೆ ಪೊರೆ. ಉಸಿರು ಒಳಗೆ ಹೋಗುವಾಗ ಆ ಪೊರೆಯ ಶಾಖ, ತೇವ ಎರಡನ್ನೂ ಹೀರಿಕೊಂಡು ಅದನ್ನು ತಣ್ಣಗೆ ಮಾಡಿ ಹೋಗುತ್ತದೆ. ಶ್ವಾಸಕೋಶದಿಂದ ವಾಪಸು ಬರುವ ಬೆಚ್ಚಗಿನ ಉಸಿರಿಗೆ ಈಗ ತಣ್ಣನೆಯ ಗೋಡೆ ಸಿಗುತ್ತದೆ. ಆವಿ ಅಲ್ಲೇ ನೀರಾಗಿ ಪೊರೆಗೆ ಅಂಟಿಕೊಳ್ಳುತ್ತದೆ. ಹೊರಗೆ ಬಿಟ್ಟ ಗಾಳಿ 37ರ ಬದಲು 20 ಡಿಗ್ರಿಯಲ್ಲಿದ್ದರೆ ಅದರಲ್ಲಿ ಉಳಿಯುವುದು 17 ಗ್ರಾಂ ನೀರು ಮಾತ್ರ. ಅಂದರೆ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ಮರುಭೂಮಿಯ ಕಾಂಗರೂ ಇಲಿಗಳಲ್ಲಿ ಇದನ್ನು ಅಳೆದು ತೋರಿಸಿದವರು ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ಜೀವವಿಜ್ಞಾನಿ. ಬಿಸಿ ಮರುಭೂಮಿಗೂ ತಣ್ಣನೆಯ ಪರ್ವತಕ್ಕೂ ಉಪಾಯ ಒಂದೇ, ಎರಡು ಕಡೆಯೂ ಗಾಳಿ ಒಣ.

ಮೂತ್ರದ ಕತೆಯೂ ಹೀಗೆಯೇ. ನಮ್ಮ ಮೂತ್ರ ಹೆಚ್ಚೆಂದರೆ ರಕ್ತದ ನಾಲ್ಕು ಪಟ್ಟು ಗಾಢವಾಗಬಹುದು. ಒಣ ನೆಲದ ಇಲಿಗಳದ್ದು ಹತ್ತು ಪಟ್ಟು ದಾಟುತ್ತದೆ. ಹಾಗಾಗಿ ತೊಟ್ಟು ನೀರಿನಲ್ಲಿ ಅವುಗಳ ಕೆಲಸ ಮುಗಿಯುತ್ತದೆ.

“ಸುತ್ತ ಹಿಮ ಇರುವಾಗ ನೀರಿಗೆ ಎಂತ ಬರ, ತಿಂದರಾಯ್ತಲ್ಲ?” ಅಂತ ಗೆಳೆಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಹಿಮ ತಿನ್ನಬಹುದು, ತಿನ್ನುತ್ತವೆ ಕೂಡ. ಆದರೆ ಅದು ಉಚಿತ ಅಲ್ಲ. ಒಂದು ಗ್ರಾಂ ಹಿಮ ಕರಗಿಸಲು 80 ಕ್ಯಾಲರಿ, ಕರಗಿದ ನೀರನ್ನು ಮೈಯಷ್ಟು ಬಿಸಿ ಮಾಡಲು ಇನ್ನೊಂದು 37. ನೀರು ಬೇಕಾದರೆ ಕಟ್ಟಿಗೆ ಸುಡಬೇಕು. ಕೊಬ್ಬು ಸುಟ್ಟರೆ ಒಂದು ಗ್ರಾಮಿಗೆ ಒಂದು ಗ್ರಾಮಿಗಿಂತ ಚೂರು ಜಾಸ್ತಿಯೇ ನೀರು ಮೈಯೊಳಗೆ ಹುಟ್ಟುತ್ತದೆ, ನಿಜ. ಆದರೆ ಸುಡಲು ಆಮ್ಲಜನಕ ಬೇಕು, ಅದಕ್ಕೆ ಉಸಿರಾಡಬೇಕು, ಉಸಿರಾಡಿದರೆ ನೀರು ಹೋಗುತ್ತದೆ. ಎಲ್ಲಿಂದ ಹಿಡಿದರೂ ಲೆಕ್ಕ ಬಂದು ನಿಲ್ಲುವುದು ಎಷ್ಟು ಉಸಿರಾಡುತ್ತೀಯ ಎನ್ನುವಲ್ಲಿಗೆ. ಅಮೆರಿಕದ ಜಿಂಕೆ ಇಲಿಗಳಲ್ಲಿ ಎತ್ತರದವುಗಳ ಹಿಮೋಗ್ಲೋಬಿನ್ ಬಯಲಿನ ನೆಂಟರದ್ದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಆಮ್ಲಜನಕದ ಲಾಭವನ್ನು ಎಲ್ಲರೂ ಬರೆಯುತ್ತಾರೆ. ಪ್ರತಿ ಉಸಿರಿನಿಂದ ಜಾಸ್ತಿ ದಕ್ಕಿದರೆ ನೀರಿಗೂ ಲಾಭ ಆಗಬೇಕು ಅಂತ ನನ್ನ ಅಂದಾಜು.

ಈಗ ಮೊದಲು ಹೇಳಿದ, ಯಾಕಿನ ಕಾಲಬುಡದ ಪ್ರಾಣಿ. ಹೆಸರು ಪೀಕಾ. ಇಲಿಯ ಹಾಗೆ ಕಂಡರೂ ಮೊಲದ ಬಳಗ. ದುಂಡು ಕಿವಿ, ಬಾಲ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಉತ್ತರಾಖಂಡದ ತುಂಗನಾಥಕ್ಕೆ ಹೋದವರು ಬಂಡೆಗಳ ಮಧ್ಯೆ ಇದರ ಒಂದು ಜಾತಿಯನ್ನು ನೋಡಿರುತ್ತಾರೆ, ಇಲಿ ಅಂತ ಮುಂದೆ ಹೋಗಿರುತ್ತಾರೆ. ಅಮೆರಿಕದ ಪೀಕಾ ಬೇಸಿಗೆಯಿಡೀ ಹುಲ್ಲು, ಹೂವು ಕಚ್ಚಿ ತಂದು ಬಂಡೆಯಡಿಯಲ್ಲಿ ಕುತ್ತರಿ ಹಾಕುತ್ತದೆ. ಕೆಲವು ಗಿಡಗಳಲ್ಲಿ ತಾಜಾ ಇರುವಾಗ ತಿನ್ನಲಾಗದಷ್ಟು ಒಗರು ರಾಸಾಯನಿಕಗಳಿರುತ್ತವೆ. ಪೀಕಾ ಅವನ್ನೂ ಒಟ್ಟುತ್ತದೆ. ಆ ಒಗರಿನಿಂದಾಗಿ ಕುತ್ತರಿ ಕೊಳೆಯುವುದಿಲ್ಲ. ತಿಂಗಳುಗಳು ಕಳೆದಾಗ ಒಗರು ಇಳಿಯುತ್ತದೆ, ಆಗ ಅದನ್ನೂ ತಿನ್ನುತ್ತದೆ. ನಮ್ಮ ಅಜ್ಜಿಯಂದಿರಿಗೆ ಈ ಪ್ರಾಣಿ ಇಷ್ಟವಾಗುತ್ತಿತ್ತು.

ಟಿಬೆಟ್ ಪ್ರಸ್ಥಭೂಮಿಯ ಪೀಕಾದ ದಾರಿ ಬೇರೆ. ಅಲ್ಲಿ ಚಳಿಗಾಲ ಮೈನಸ್ 30ಕ್ಕೆ ಇಳಿಯುತ್ತದೆ, ಆದರೆ ಬೆಚ್ಚಗೆ ಮುಚ್ಚಿಕೊಳ್ಳುವಷ್ಟು ಹಿಮ ಬೀಳುವುದಿಲ್ಲ. ಜಾನ್ ಸ್ಪೀಕ್‌ಮನ್ ಎಂಬ ಜೀವವಿಜ್ಞಾನಿ ಮತ್ತು ಅವರ ಚೀನಾದ ಸಂಗಡಿಗರು ಹಲವು ವರ್ಷ ಅವುಗಳ ಹಿಂದೆ ಬಿದ್ದು 2021ರಲ್ಲಿ ಪ್ರಕಟಿಸಿದ ಪ್ರಕಾರ, ಅವು ಚಳಿಗಾಲದಲ್ಲಿ ತಮ್ಮ ದಿನದ ಖರ್ಚನ್ನು ಬೇಸಿಗೆಗಿಂತ ಸುಮಾರು ಶೇಕಡ 30 ಇಳಿಸುತ್ತವೆ. ಚಳಿ ಏರಿದಾಗ ಚಿಕ್ಕ ಪ್ರಾಣಿಯ ಖರ್ಚು ಏರಬೇಕಿತ್ತು, ಇಲ್ಲಿ ಇಳಿದಿದೆ! ಥೈರಾಯ್ಡ್ ಹಾರ್ಮೋನು ತಗ್ಗುತ್ತದೆ, ಮೈಬಿಸಿ ಚೂರು ಇಳಿಯುತ್ತದೆ, ಓಡಾಟ ಕಡಿಮೆಯಾಗುತ್ತದೆ. ಓಡಾಟ ಕಡಿಮೆಯಾದರೆ ಊಟ? ಅದಕ್ಕೆ ಯಾಕಿನ ಸೆಗಣಿ. ತಮಾಷೆಯಲ್ಲ, ಹೊಟ್ಟೆಯೊಳಗಿನ ಡಿಎನ್‌ಎ ಪರೀಕ್ಷೆಯಲ್ಲಿ ಯಾಕ್ ಸಿಕ್ಕಿತು. ಅರ್ಧ ಜೀರ್ಣವಾದ ಹುಲ್ಲು, ಬಿಲದ ಬಾಗಿಲಲ್ಲೇ, ಹುಡುಕುವ ಖರ್ಚಿಲ್ಲದೆ. ಮೇವಿಗೆ ಯಾಕಿನ ಪೈಪೋಟಿದಾರ ಅಂತ ಜನ ಈ ಪೀಕಾಗಳಿಗೆ ದಶಕಗಟ್ಟಲೆ ವಿಷ ಹಾಕಿದ್ದಾರೆ. ಆದರೆ ಯಾಕ್ ಇರುವಲ್ಲೇ ಪೀಕಾ ಜಾಸ್ತಿ, ಕಾರಣದಲ್ಲಿ ಸೆಗಣಿಗೂ ಪಾಲಿದೆ.

ಮಾರ್ಮೋಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಬೆಕ್ಕಿಗಿಂತ ದಪ್ಪ, ನನ್ನ ‘ಸಣ್ಣ’ದ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ. ಲಡಾಖಿನಲ್ಲಿ ಪಾಂಗಾಂಗ್ ಸರೋವರಕ್ಕೆ ಹೋಗುವ ದಾರಿಯಲ್ಲಿ ಪ್ರವಾಸಿಗಳು ಕಾರು ನಿಲ್ಲಿಸಿ ಅವಕ್ಕೆ ಬಿಸ್ಕೆಟ್ ತಿನ್ನಿಸುವುದನ್ನು ನೋಡಿದ್ದೇನೆ. ಬೇಡ ಅಂದರೆ ನಮ್ಮ ಗುಂಪಿನವರೇ, “ಪಾಪ ಮಾರಾಯ್ರೆ, ಹಸಿವಾಗಿರಬೇಕು” ಅಂದರು. ಹಸಿವು ಹೌದು. ವರ್ಷದ ಆರು ತಿಂಗಳಿಗೂ ಮೇಲೆ ಬಿಲದ ಬಾಯಿ ಮುಚ್ಚಿಕೊಂಡು ಮಲಗುವ ಪ್ರಾಣಿ, ಉಳಿದ ತಿಂಗಳುಗಳಲ್ಲಿ ಹುಲ್ಲು ತಿಂದು ಕೊಬ್ಬು ಕೂಡಿಸಬೇಕು. ಮಲಗಿದಾಗ ಮೈ ಬಿಲದಷ್ಟೇ ತಣ್ಣಗಾಗುತ್ತದೆ, ಎದೆ ನಿಮಿಷಕ್ಕೆ ಕೆಲವೇ ಸಲ ಬಡಿಯುತ್ತದೆ. ಆದರೆ ವಾರ ಎರಡು ವಾರಕ್ಕೊಮ್ಮೆ ಎದ್ದು ಮೈ ಬಿಸಿ ಮಾಡಿಕೊಂಡು ಮತ್ತೆ ಮಲಗುತ್ತವೆ, ಕೂಡಿಸಿದ ಕೊಬ್ಬಿನಲ್ಲಿ ದೊಡ್ಡ ಪಾಲು ಖರ್ಚಾಗುವುದು ಈ ಏಳುವುದಕ್ಕೆ. ಯಾಕೆ ಏಳುತ್ತವೆ ಎನ್ನುವುದಕ್ಕೆ ಹಲವು ವಾದಗಳಿವೆ. ಒಂದು ವಾದದ ಪ್ರಕಾರ ಕಾರಣ ನೀರು: ಮಲಗಿದ್ದಾಗಲೂ ಮೈ ಮೆಲ್ಲ ಮೆಲ್ಲ ಒಣಗುತ್ತಿರುತ್ತದೆ.

ಅಡಗುವ ಜಾಗದ ಹವಾಮಾನವೇ ಮುಖ್ಯ ಎನ್ನುವ ಮಾತಿಗೆ ಗಟ್ಟಿ ಸಾಕ್ಷಿ ಆಸ್ಟ್ರೇಲಿಯದ್ದು. ಅಲ್ಲಿ ಬೆಟ್ಟದ ಕುಬ್ಜ ಪೋಸಮ್ ಎಂಬ, 45 ಗ್ರಾಂ ತೂಗುವ ಹೊಟ್ಟೆಚೀಲದ ಪ್ರಾಣಿ ಇದೆ. 1895ರಲ್ಲಿ ಪಳೆಯುಳಿಕೆಯಾಗಿ ಗೊತ್ತಾಯಿತು. ಎಂದೋ ನಿರ್ನಾಮವಾದದ್ದು ಅಂತ ಎಲ್ಲರೂ ಸುಮ್ನಿದ್ದರು. 1966ರಲ್ಲಿ ಮೌಂಟ್ ಹೋಥಮ್‌ನ ಸ್ಕೀ ವಸತಿಗೃಹವೊಂದರಲ್ಲಿ ಜೀವಂತ ಸಿಕ್ಕಿತು. ಚಳಿಗಾಲದಲ್ಲಿ ಇದು ಬಂಡೆರಾಶಿಯ ಒಳಗೆ, ಹಿಮದ ಅಡಿಯಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ಮೈಬಿಸಿ ಎರಡು ಡಿಗ್ರಿಯವರೆಗೆ ಇಳಿಯುತ್ತದೆ. ಸುತ್ತ ಎರಡು ಡಿಗ್ರಿ ಇದ್ದರೆ ಖರ್ಚು ತೀರಾ ಕಡಿಮೆ. ಅದಕ್ಕಿಂತ ಕೆಳಗೆ ಹೋದರೆ ಹೆಪ್ಪುಗಟ್ಟಿ ಸಾಯದ ಹಾಗೆ ಮಲಗಿದಲ್ಲೇ ಕೊಬ್ಬು ಸುಟ್ಟು ಬಿಸಿ ಮಾಡಿಕೊಳ್ಳಬೇಕು. ಈಗ ಹಿಮ ತೆಳುವಾಗುತ್ತಿದೆ. ಹಿಮ ತೆಳುವಾದರೆ ನೆಲ ಇನ್ನೂ ತಣ್ಣಗಾಗುತ್ತದೆ. ಜಗತ್ತು ಬಿಸಿಯಾದ ಕಾರಣಕ್ಕೆ ಒಂದು ಪ್ರಾಣಿ ಚಳಿಯಲ್ಲಿ ಸಾಯಬಹುದು. ನಾಲ್ಕಡಿ ಎತ್ತರದ ಬಿಳಿ ಪೆಟ್ಟಿಗೆ ನೋಡಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ಬಿಸಿಯ ಕಡೆಯಿಂದಲೂ ಇದೇ ಮಾತು. ಅಮೆರಿಕದ ಪೀಕಾದ ಮೈಬಿಸಿ ಸುಮಾರು 40 ಡಿಗ್ರಿ. 43ಕ್ಕೆ ಏರಿದರೆ ಸಾವು. ಚಳಿ ಏರುವಾಗ ಖರ್ಚು ಉಳಿಸಲು ಇರುವ ದಪ್ಪ ತುಪ್ಪಳವೇ ಬಿಸಿ ಏರುವಾಗ ಕುತ್ತಿಗೆಗೆ ಬರುತ್ತದೆ. 1970ರ ದಶಕದ ಪ್ರಯೋಗಗಳಲ್ಲಿ, ಅಡಗಲು ಜಾಗ ಕೊಡದೆ ಬಯಲಿನ ಪಂಜರದಲ್ಲಿ ಇಟ್ಟ ಪೀಕಾಗಳು 25ರಿಂದ 29 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಸತ್ತವು. ಅದು ನಮಗೆ ಡಿಸೆಂಬರಿನ ಹಿತವಾದ ಬೆಳಗ್ಗೆ. ಈ ಅಂಕಿ ಹಿಡಿದುಕೊಂಡೇ ಪೀಕಾ ಕತೆ ಮುಗಿಯಿತು ಅಂತ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಬೋಡಿ ಎಂಬ ಪಾಳುಬಿದ್ದ ಚಿನ್ನದ ಗಣಿಯ ಊರಿದೆ. ಬೇಸಿಗೆಯ ಹಗಲು 30 ಡಿಗ್ರಿ ಮುಟ್ಟುವ ಆ ಜಾಗದಲ್ಲಿ, ಗಣಿಯವರು ಅಗೆದು ಸುರಿದ ಕಲ್ಲುರಾಶಿಗಳಲ್ಲಿ ಪೀಕಾಗಳು ದಶಕಗಳಿಂದ ಬದುಕಿವೆ. ನಡುಹಗಲು ಕಲ್ಲುಗಳ ಒಳಗೆ ತಂಪಿನಲ್ಲಿ ಇರುತ್ತವೆ, ಮುಂಜಾನೆ, ಮುಸ್ಸಂಜೆ ಹೊರಗೆ ಬಂದು ಮೇಯುತ್ತವೆ.

ಅಲ್ಲೂ ಎಲ್ಲ ಚೆನ್ನಾಗಿಲ್ಲ. ಬೋಡಿಯ ಉತ್ತರ ಭಾಗದ ರಾಶಿಗಳಲ್ಲಿ ಪೀಕಾ ಉಳಿದಿವೆ, ದಕ್ಷಿಣದ ರಾಶಿಗಳು ಖಾಲಿಯಾಗಿವೆ. ರಾಶಿಯ ಒಳಗಿನ ತಂಪು ಎರಡು ಕಡೆಯೂ ಇದೆ. ತೊಂದರೆ ಇರುವುದು ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದರಲ್ಲಿ. ರಾಶಿಯೊಂದರ ಪೀಕಾಗಳು ಸತ್ತರೆ ಪಕ್ಕದ ರಾಶಿಯ ಮರಿಗಳು ಬಂದು ಅದನ್ನು ತುಂಬಬೇಕು. ಆ ಮರಿಗಳು ಅಡಗಲು ಕಲ್ಲಿಲ್ಲದ, ಕಾದ ನೆಲ ದಾಟಬೇಕು. ಬೇಸಿಗೆ ಬಿಸಿಯಾದಷ್ಟೂ ದಾಟುವ ಮರಿಗಳು ಕಡಿಮೆಯಾಗಬಹುದು ಎಂಬ ಅನುಮಾನ ಇದೆ. ಹಾಗಾಗಿ ಈಗ ಸಂಶೋಧಕರು ನಾಣ್ಯದಷ್ಟು ಚಿಕ್ಕ ಥರ್ಮಾಮೀಟರುಗಳನ್ನು ಕಲ್ಲಿನ ಸಂದಿನೊಳಗೂ ಇಡುತ್ತಾರೆ, ಹೊರಗೂ ಇಡುತ್ತಾರೆ. ಎರಡೂ ಅಂಕಿ ಕೈಯಲ್ಲಿದ್ದರೆ ಮಾತ್ರ ಪೀಕಾದ ಲೆಕ್ಕ ಮಾಡಲು ಬರುತ್ತದೆ.